ಹಸಿರಿಲ್ಲದ ಕಾಡು

ಜನವರಿ 8, 2007, ಸೋಮವಾರ

ಎದ್ದದ್ದು 5.30. ಹವಾಮಾನ: ದಟ್ಟ ಮಂಜು. ಆರನೇ ಮಹಡಿಯಿಂದ ಕೆಳಗಿನ ಗೇಟು ಕಾಣುವುದಿಲ್ಲ. ತಿಂಡಿ: ಬ್ರೆಡ್, ಮೊಟ್ಟೆ.

ಗ್ರೇಟರ್ ನೋಯ್ಡಾಕ್ಕೆ ಬಂದು ಎರಡು ವಾರ. ಹೆಂಡತಿ ಮಾಚಮ್ಮ ತೀರಿಕೊಂಡು ನೂರ ಹನ್ನೊಂದು ದಿನ. ಪುಣೆಯ ಮನೆಗೆ ಬೀಗ ಹಾಕಿಸಿ ಮಗಳು ತಾನ್ಯಾ ತನ್ನ ಫ್ಲ್ಯಾಟಿಗೆ ಕರೆದುಕೊಂಡು ಬಂದಳು. ಬೆಳಿಗ್ಗೆ ಎಂಟಕ್ಕೆ ಹೋಗುತ್ತಾಳೆ, ಕತ್ತಲಾದ ಮೇಲೆ ಬರುತ್ತಾಳೆ. ಇವತ್ತು ಅವಳು ಆಡಿದ ಮಾತು: "ಗೀಸರ್ ಆಫ್ ಮಾಡಿದ್ರಾ?"

ಫೌಜಿನಲ್ಲಿದ್ದಾಗ ಲಾಗ್ ಬರೆಯುತ್ತಿದ್ದೆ. ರಿಟೈರ್ ಆದ ಮೇಲೂ ಬಿಟ್ಟಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಬಿಟ್ಟೆ. ಇವತ್ತಿನಿಂದ ಮತ್ತೆ ಶುರು. ಮನೆಮಾತು ಕೊಡವ ತಕ್ಕ್ ಆದರೂ ಶಾಲೆಯಲ್ಲಿ ಕಲಿತದ್ದು ಕನ್ನಡ, ಬರವಣಿಗೆ ಅದರಲ್ಲೇ. ತಾನ್ಯಾಗೆ ಕನ್ನಡ ಓದಲು ಬರುವುದಿಲ್ಲ. ಒಳ್ಳೆಯದೇ ಆಯಿತು.

ಜನವರಿ 11, ಗುರುವಾರ

"ಮನೇಲಿ ಒಬ್ಬರೇ ಕೂತು ಏನು ಮಾಡ್ತೀರಿ? ಚಲೋ, ನನ್ನ ಜೊತೆ ಬನ್ನಿ" ಎಂದಳು. ಹೋದೆ.

ತಾನ್ಯಾ ಆರ್ಟ್ ಡೈರೆಕ್ಟರ್. ಸಿನಿಮಾಗಳಿಗೆ ಸೆಟ್ ಹಾಕಿಸುವ ಕೆಲಸ. ಇದುವರೆಗೆ ಬೇರೆಯವರ ಕೈಕೆಳಗೆ ದುಡಿದಿದ್ದಳು. ಈ ಚಿತ್ರ ಪೂರ್ತಿ ಅವಳ ಹೊಣೆ. ಸೂರಜ್‌ಪುರದ ಕಡೆ ಮುಚ್ಚಿಹೋದ ಫ್ಯಾನ್ ಕಾರ್ಖಾನೆಯ ಶೆಡ್ಡಿನಲ್ಲಿ ಸೆಟ್. ಮಕ್ಕಳ ಚಿತ್ರ. ಒಬ್ಬ ಹುಡುಗಿ ನಿದ್ದೆಯಲ್ಲಿ ಒಂದು ಕಾಡಿಗೆ ಹೋಗುತ್ತಾಳಂತೆ. ಅಲ್ಲಿ ಎಲೆ ಹಸಿರಲ್ಲ, ನೀರು ನೀಲಿಯಲ್ಲ. ಕಳೆದುಹೋದ ಅಕ್ಕನನ್ನು ಹುಡುಕುತ್ತಾಳಂತೆ.

ಎಣಿಸಿದ್ದು: ಮರ 24, ಗೋಣಿಬಟ್ಟೆ ಮತ್ತು ಪ್ಲಾಸ್ಟರ್‌ನವು. ಬಣ್ಣ ನೇರಳೆ. ಎಲೆ ಗುಲಾಬಿ. ನೆಲ ಹಳದಿ. ಹಿಂದಿನ ಪರದೆ 80 ಅಡಿ ಅಗಲ, ಕಿತ್ತಳೆ ಆಕಾಶ.

ನಿರ್ದೇಶಕ ಸಾಕೇತ್ ದೆಹಲಿಯವನೇ, ಮೂವತ್ತೈದು ಇರಬಹುದು. ಕ್ಯಾಮೆರಾದವನು ಚಿದಂಬರ, ಹಾಸನದ ಕಡೆಯವನು. "ಸಾರ್, ಯಾವ ರೆಜಿಮೆಂಟು?" ಎಂದು ಕನ್ನಡದಲ್ಲೇ ಕೇಳಿದ. ಎಂಜಿನಿಯರ್ಸ್ ಎಂದೆ. ಏನು ಕೆಲಸ ಎಂದು ಕೇಳಿದ. ಪೇಂಟರ್ ಎಂದೆ. ಅವನು ನಕ್ಕ, ತಮಾಷೆ ಎಂದುಕೊಂಡ.

ತಮಾಷೆಯಲ್ಲ. ಇಪ್ಪತ್ತೆಂಟು ವರ್ಷ ಲಾರಿ, ಬಂಕರು, ಪೆಟ್ರೋಲ್ ಟ್ಯಾಂಕುಗಳಿಗೆ ಬಣ್ಣ ಹೊಡೆದು ಅವು ಕಾಣದ ಹಾಗೆ ಮಾಡಿದ್ದೇನೆ. ಹೇಳಲಿಲ್ಲ. ಕುರ್ಚಿಯಲ್ಲಿ ಕೂತು ವಾಪಸ್ ಬಂದೆ.

ಜನವರಿ 18, ಗುರುವಾರ

ಕ್ಯಾಮೆರಾ ಟೆಸ್ಟಿನ ರೀಲು ಲ್ಯಾಬಿನಿಂದ ಬಂತು. ನೋಯ್ಡಾದ ಪುಟ್ಟ ಥಿಯೇಟರಿನಲ್ಲಿ 11 ಗಂಟೆಗೆ ತೋರಿಸಿದರು. ನಾಲ್ಕು ನಿಮಿಷ. ದೀಪ ಹತ್ತಿತು. ಆಮೇಲೆ ನಿರ್ಮಾಪಕರು ಎದ್ದು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಹೇಳಿದರು: "ಮಿಠಾಯಿ ಕೀ ದುಕಾನ್." ಮಿಠಾಯಿ ಅಂಗಡಿಯಂತೆ.

ಸಾಕೇತ್ ಅಷ್ಟು ಒರಟಲ್ಲ. "ತಾನ್ಯಾ, ನಂಗೆ ಕನಸು ಬೇಕಿತ್ತು. ಇದು ಬರ್ತ್‌ಡೇ ಪಾರ್ಟಿ ಥರ ಇದೆ" ಎಂದ.

ಫೆಬ್ರವರಿ 16ಕ್ಕೆ ಮತ್ತೊಂದು ಟೆಸ್ಟ್. ಅದೂ ಸರಿಹೋಗದಿದ್ದರೆ ಮುಂಬೈಯಿಂದ ಬೇರೆಯವರನ್ನು ಕರೆಸುತ್ತಾರೆ.

ವಾಪಸ್ ಬರುವಾಗ ತಾನ್ಯಾ ಎರಡು ಸಲ ತಿರುವು ತಪ್ಪಿಸಿದಳು. ನಾನು ಕಿಟಕಿಯ ಹೊರಗೆ ನೋಡಿದೆ.

ಜನವರಿ 20, ಶನಿವಾರ

ಮಂಜು. ಎಕ್ಸ್‌ಪ್ರೆಸ್‌ವೇಯಲ್ಲಿ ಗಾಡಿಗಳು ಆಮೆಗಳಂತೆ ಹೋಗುತ್ತಿದ್ದವು. ಮುಂದಿನ ಲಾರಿಯ ಹಿಂಬದಿ ಕೆಂಪು. ಅದು ಇಪ್ಪತ್ತು ಗಜ ಮುಂದೆ ಹೋದಾಗ ಕಂದು, ಮೂವತ್ತಾದಾಗ ಬೂದಿ, ಆಮೇಲೆ ಇಲ್ಲ. ಇದು ಸಾಮಾನ್ಯ. ಆದರೆ ಎಡಗಡೆ ಸಾಸಿವೆ ಹೊಲ ಬಂತು. ಗಿಡ ಕಾಣುವುದಿಲ್ಲ, ಬದು ಕಾಣುವುದಿಲ್ಲ. ಹಳದಿ ಮಾತ್ರ, ಎಲ್ಲಿಂದಲೋ ಒಳಗಿನಿಂದ ದೀಪ ಹಚ್ಚಿದ ಹಾಗೆ.

"ನಿಲ್ಲಿಸು" ಎಂದೆ.

"ಯಾಕೆ? ಏನಾಯ್ತು?"

"ನಿಲ್ಲಿಸು, ತಾನ್ಯಾ."

ಪಕ್ಕಕ್ಕೆ ಹಾಕಿದಳು. ಇಳಿದು ಕೈ ತೋರಿಸಿದೆ. "ಅದಕ್ಕೆ ಸುತ್ತ ಬೂದಿ ಇದೆ. ಅದಕ್ಕೇ ಹಾಗೆ ಕಾಣ್ತಿದೆ. ನಿನ್ನ ಕಾಡಿನಲ್ಲಿ ಎಲ್ಲಾ ಮರಗಳೂ ಒಟ್ಟಿಗೆ ಮುಂದೆ ಬಂದು ನಿಂತಿವೆ. ಕಣ್ಣು ಎಲ್ಲಿ ಕೂರಬೇಕು?"

ಶಾಲು ಎಳೆದುಕೊಂಡು ಸ್ವಲ್ಪ ಹೊತ್ತು ನೋಡಿದಳು. "ಮಕ್ಕಳ ಸಿನಿಮಾಕ್ಕೆ ಬೂದಿ ಬಣ್ಣ ಹಾಕು ಅಂತೀರಾ?" ಎಂದು ಕಾರಿನೊಳಗೆ ಕೂತಳು.

ನಾನು ಹೇಳಿದ್ದು ಹಾಗಲ್ಲ.

ಜನವರಿ 24, ಬುಧವಾರ

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಒಂದು ಮರಕ್ಕೆ ಕೈ ಹಾಕಿದೆ. ಮೂಲೆಯದು, ಹದಿನೇಳನೆಯದು. ಯಾರನ್ನೂ ಕೇಳಲಿಲ್ಲ.

ನೇರಳೆಗೆ ಸ್ವಲ್ಪ ಹಳದಿ ಬೆರೆಸಿದೆ, ಮಣ್ಣಾಗುವಷ್ಟಲ್ಲ, ಸೋಲುವಷ್ಟು. ಅಂಚಿಗೆ ಪರದೆಯ ಆಕಾಶದ ಬಣ್ಣವನ್ನೇ ತೆಳುವಾಗಿ ಒರೆಸಿದೆ. ಮರ ಎಲ್ಲಿ ಮುಗಿಯುತ್ತದೆ, ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯಬಾರದು. ಒಂದೇ ಒಂದು ಕೊಂಬೆಯ ಗುಲಾಬಿ ಮುಟ್ಟಲಿಲ್ಲ.

ಊಟದಿಂದ ಬಂದ ಪೇಂಟರ್‌ಗಳು ಕೂಗಾಡಿದರು. ತಾನ್ಯಾ ಬಂದಳು. ನನ್ನ ಮೇಲೆ ರೇಗುತ್ತಾಳೆ ಎಂದು ನಿಂತಿದ್ದೆ. ಅವಳು ಹತ್ತು ಹೆಜ್ಜೆ ಹಿಂದೆ ಹೋದಳು. ಇನ್ನೂ ಹತ್ತು. "ಚಿದಂಬರ, ಒಂದು ಲೈಟು ಹಾಕು, ಎಡಗಡೆಯಿಂದ."

ಹಾಕಿದ. ಮರ ಹೋಯಿತು. ಗುಲಾಬಿ ಕೊಂಬೆ ಉಳಿಯಿತು, ಗಾಳಿಯಲ್ಲಿ ತೇಲುತ್ತಾ.

ಚಿದಂಬರ ಮೆಲ್ಲಗೆ "ಅಯ್ಯೋ" ಎಂದ.

ತಾನ್ಯಾ ನನ್ನ ಕಡೆ ತಿರುಗಿ, "ಉಳಿದ ಇಪ್ಪತ್ತಮೂರಕ್ಕೆ ಎಷ್ಟು ದಿನ ಬೇಕು ನಿಮಗೆ?" ಎಂದಳು. ಕೇಳಿದ್ದು ಅಪ್ಪನನ್ನಲ್ಲ, ಪೇಂಟರ್‌ನನ್ನು. ಎರಡು ವಾರ ಎಂದೆ.

ಜನವರಿ 27, ಶನಿವಾರ

ಎಂಟು ಜನ ಪೇಂಟರ್‌ಗಳು. ನನ್ನನ್ನು "ಸುಬೇದಾರ್ ಸಾಬ್" ಎನ್ನುತ್ತಾರೆ. ಮುರಾದಾಬಾದಿನ ಇಕ್ಬಾಲ್ ಎಂಬವರ ಕೈ ಬಹಳ ಮೃದು. ಕಿತ್ತಳೆ ಆಕಾಶ, ಹಳದಿ ನೆಲ ಎರಡರ ಮೇಲೂ ಬೂದಿ ಮಂಜು ಬರೆಯುವುದು ಅವರಿಗೇ ಬಿಟ್ಟೆ.

ಹಳೆ ದೆಹಲಿಯ ತಿಲಕ್ ಬಜಾರಿಗೆ ತಾನ್ಯಾ ಮತ್ತು ನಾನು ಬಣ್ಣದ ಪುಡಿ ತರಲು ಹೋದೆವು. ಗಲ್ಲಿಯ ತುಂಬ ಮೂಟೆ. ಒಂದು ಅಂಗಡಿಯಲ್ಲಿ ನೀಲಿಯ ಹನ್ನೊಂದು ಬಗೆ ಇಟ್ಟಿದ್ದರು. ಅಂಗಡಿಯ ಭಯ್ಯಾ ಉಗುರಿನಲ್ಲಿ ತೆಗೆದು ಅಂಗೈ ಮೇಲೆ ಉಜ್ಜಿ ತೋರಿಸಿದ. ನಾಲ್ಕನೆಯದು ನವಿಲಿನ ಕತ್ತಿನದು. ಏಳನೆಯದು ಸಂಜೆ ಆರೂವರೆಯ ಆಕಾಶದ್ದು, ಆದರೆ ಬೆಟ್ಟದ ಮೇಲಿನಿಂದ ಕಂಡಾಗಿನದು. ಇಪ್ಪತ್ತೆಂಟು ವರ್ಷ ನಾನು ಬಳಸಿದ್ದು ಆಲಿವ್, ಮರಳು, ಕಪ್ಪು, ಬಿಳಿ. ಏಳನೆಯದನ್ನು ಕೊಳ್ಳೋಣ ಎಂದೆ. ತಾನ್ಯಾ "ಅಚ್ಛಾ?" ಎಂದು ಹುಬ್ಬೇರಿಸಿದಳು. ಕೊಂಡಳು.

ಏಳು ಗಂಟೆಗೆ ಎದ್ದೆ ಎಂದು ಬರೆಯಲು ಮರೆತಿದ್ದೆ. ಈಗ ಬರೆದೆ.

ಫೆಬ್ರವರಿ 3, ಶನಿವಾರ

ಕಾಡಿನಲ್ಲಿ ಇನ್ನೂ ಏನೋ ಕೊರತೆ. ಚೆನ್ನಾಗಿದೆ, ಆದರೆ ಬೆಳಗಿನ ಕಾಡಿನ ಹಾಗಿದೆ. ನಿದ್ದೆಯ ಕಾಡಿನ ಹಾಗಿಲ್ಲ. ಸಾಕೇತ್ ಸುತ್ತು ಹಾಕಿ "ಅಂಕಲ್, ಹತ್ತಿರ ಬಂದಿದ್ದೀವಿ, ಬಟ್..." ಎಂದು ನಿಲ್ಲಿಸಿದ.

ಚಹಾ ಕುಡಿಯುವಾಗ ನೆನಪಾಯಿತು. ರಾಜಸ್ಥಾನದಲ್ಲಿ ಟ್ಯಾಂಕುಗಳ ನೆರಳೇ ಶತ್ರುವಿಗೆ ಮೊದಲು ಕಾಣುತ್ತಿತ್ತು. ಆದ್ದರಿಂದ ನಾವು ಮರಳಿನ ಮೇಲೆ ಸುಳ್ಳು ನೆರಳು ಹಾಕುತ್ತಿದ್ದೆವು, ಬೇರೆ ದಿಕ್ಕಿಗೆ. ಮೇಲಿನಿಂದ ನೋಡಿದ ಪೈಲಟ್‌ಗೆ ಏನೋ ಸರಿಯಿಲ್ಲ ಎನ್ನಿಸುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ.

ಎದ್ದು ಹೋಗಿ ಮೂರು ಮರಗಳ ಬುಡದಲ್ಲಿ ನೆರಳು ಬರೆದೆ. ಬೆಳಕು ಎಡಗಡೆಯಿಂದ, ನೆರಳೂ ಎಡಗಡೆಗೇ, ಬೆಳಕಿನ ಕಡೆಗೇ ಚಾಚಿಕೊಂಡ ಹಾಗೆ. ಕಪ್ಪಲ್ಲ, ಆ ಏಳನೆಯ ನೀಲಿ.

ಸಾಕೇತ್ ನೋಡಿದ. ಮತ್ತೆ ನೋಡಿದ. "ಇಲ್ಲಿ ಏನು ಬದಲಾಗಿದೆ? ಏನೋ ಬದಲಾಗಿದೆ." ಅವನಿಗೆ ಗೊತ್ತಾಗಲಿಲ್ಲ. ಚಿದಂಬರನಿಗೆ ಗೊತ್ತಾಯಿತು, ಕಣ್ಣು ಮಿಟುಕಿಸಿದ.

ತಾನ್ಯಾಗೂ ಗೊತ್ತಾಯಿತು. ಮೊಣಕಾಲೂರಿ ಆ ನೀಲಿಯನ್ನು ಬೆರಳಿನಿಂದ ಮುಟ್ಟಿದಳು. "ನಿಮಗೆ ಇದು ತುಂಬಾ ಚೆನ್ನಾಗಿ ಬರುತ್ತೆ ಅಪ್ಪಾ. ಸುಳ್ಳು ನೆರಳು ಹಾಕೋದು."

ಎಲ್ಲರೂ ಹೊಗಳಿಕೆ ಎಂದುಕೊಂಡರು.

ಫೆಬ್ರವರಿ 4, ಭಾನುವಾರ

ರಜೆ. ಬಿಸಿಲು ಬಂದಿದೆ. ಬಾಲ್ಕನಿಯಲ್ಲಿ ಕೂತಿದ್ದಾಗ ಕೇಳಿಯೇಬಿಟ್ಟಳು.

"ಅವ್ವನ ಕಾಯಿಲೆ ವಿಷಯ ನಂಗೆ ಯಾಕೆ ಹೇಳಲಿಲ್ಲ? ಜುಲೈಯಲ್ಲೇ ಗೊತ್ತಿತ್ತು ನಿಮಗೆ. ಹರ್ ಸಂಡೇ ಫೋನ್ ಮಾಡ್ತಿದ್ದೆ ಹೈದರಾಬಾದ್‌ನಿಂದ. ಹರ್ ಸಂಡೇ ಗ್ಯಾಸ್ಟ್ರಿಕ್ ಅಂದ್ರಿ."

"ಅವಳೇ ಹೇಳಬೇಡ ಅಂದಳು. ನಿನ್ನ ಕೆಲಸ ಕೆಡಬಾರದು ಅಂತ."

ಅವಳು ತಲೆಯಾಡಿಸಿದಳು. ಎದ್ದು ಒಳಗೆ ಹೋದಳು.

ಫೆಬ್ರವರಿ 5, ಸೋಮವಾರ

ಆರು ಮರ ಮುಗಿಯಿತು.

ಫೆಬ್ರವರಿ 6, ಮಂಗಳವಾರ

ಐದು ಮರ.

ಫೆಬ್ರವರಿ 7, ಬುಧವಾರ

ಮಾಚಮ್ಮ ಹಾಗೆ ಹೇಳಲಿಲ್ಲ.

ಮೂರು ಸಲ ಕೇಳಿದಳು. ಮಗಳನ್ನು ಕರೆಸಿ, ಕರೆಸಿ ಎಂದು. ನಾನು ಶೂಟಿಂಗ್ ಮುಗಿಯಲಿ ಎಂದೆ, ಡಾಕ್ಟರು ಇನ್ನೊಂದು ಟೆಸ್ಟ್ ಮಾಡಲಿ ಎಂದೆ, ಸೋಮವಾರ ಆಗಲಿ ಎಂದೆ. ಮಗಳಿಗೆ ಹೇಳಿದರೆ ಅದು ನಿಜವಾಗಿಬಿಡುತ್ತದೆ ಅನ್ನಿಸಿತ್ತು. ಹೇಳುವವರೆಗೆ ಅದು ಬರೀ ನನ್ನ ಮತ್ತು ಡಾಕ್ಟರ ನಡುವಿನ ಮಾತು. ತಾನ್ಯಾ ಬಂದು ತಲುಪಿದಾಗ ಮಾಚಮ್ಮನ ಬಾಯಿಂದ ಮಾತು ನಿಂತು ಒಂದು ದಿನವಾಗಿತ್ತು.

ಬರೆದಾಯಿತು. ಕೈ ಬಣ್ಣವಾಗಿದೆ, ಪುಟಕ್ಕೂ ಹತ್ತಿದೆ.

ಫೆಬ್ರವರಿ 8, ಗುರುವಾರ

ಇವತ್ತು ತಾನ್ಯಾಗೆ ಹೇಳಿದೆ. ಶೆಡ್ಡಿನ ಹಿಂದೆ, ಬಣ್ಣದ ಡಬ್ಬಿ ತೊಳೆಯುವ ನಲ್ಲಿಯ ಹತ್ತಿರ. ಹೇಳಲು ಎರಡು ನಿಮಿಷ ಸಾಕಾಯಿತು.

ಅವಳು ನಲ್ಲಿ ಬಂದ್ ಮಾಡಿದಳು. "ಅಂದ್ರೆ ಅವ್ವ ಕೇಳಿದ್ಲು. ಮೂರು ಸಲ."

"ಹೂಂ."

"ನಾನು ಬರ್ತಾ ಇಲ್ಲ ಅಂದ್ಕೊಂಡಳಾ?"

ಗೊತ್ತಿಲ್ಲ ಎಂದೆ.

ಕಾರಿನ ಕೀಲಿ ತೆಗೆದುಕೊಂಡು ಹೊರಟುಹೋದಳು. ಚಿದಂಬರ ನನ್ನನ್ನು ಮನೆಗೆ ಬಿಟ್ಟ. ಆಮೇಲೆ ಅವಳಿಂದ ಮೆಸೇಜ್ ಬಂತು: ಲೋಧಿ ಕಾಲೋನಿಯಲ್ಲಿ ಗೆಳತಿಯ ಮನೆಯಲ್ಲಿದ್ದೇನೆ, ಸೆಟ್ ನೋಡಿಕೊಳ್ಳಿ.

ಫೆಬ್ರವರಿ 10, ಶನಿವಾರ

ಅವಳಿಲ್ಲ. ಟೆಸ್ಟಿಗೆ ಆರು ದಿನ. ಸಾಕೇತ್ ಎರಡು ಸಲ ಕೇಳಿದ. ಬರುತ್ತಾಳೆ ಎಂದೆ. ಆಮೇಲೆ ಸರಿಪಡಿಸಿಕೊಂಡೆ: "ನನ್ನ ಮೇಲೆ ಸಿಟ್ಟು. ಅದಕ್ಕೆ ಬಂದಿಲ್ಲ. ಯಾವಾಗ ಬರ್ತಾಳೆ, ನನಗೆ ಗೊತ್ತಿಲ್ಲ." ಸಾಕೇತ್ ಗಾಬರಿಯಾಗುವ ಬದಲು ಕುರ್ಚಿ ಎಳೆದು ಕೂತು ತನ್ನ ತಂದೆಯ ಕಥೆ ಶುರು ಮಾಡಿದ. ಚಹಾ ತಣ್ಣಗಾಯಿತು.

ನೀರಿನ ಕೆಲಸ ಇವತ್ತಿನಿಂದ. ಕಾಡಿನ ನಡುವೆ ಒಂದು ತೊರೆ. ಅದು ಜೇನಿನ ಬಣ್ಣದ್ದಾಗಿರಬೇಕು ಎಂದು ತಾನ್ಯಾ ತನ್ನ ಸ್ಕೆಚ್ ಚಿತ್ರದಲ್ಲಿ ಬರೆದಿದ್ದಾಳೆ. ಮೊದಲು ಇದು ನನಗೆ ಹುಚ್ಚಾಟ ಅನ್ನಿಸಿತ್ತು. ಈಗ ಆ ಚಿತ್ರವನ್ನು ಗೋಡೆಗೆ ಅಂಟಿಸಿ ತುಂಬ ಹೊತ್ತು ನೋಡಿದೆ. ಇಡೀ ಕಾಡು ತಣ್ಣಗಿದೆ, ನೀಲಿ, ಬೂದಿ, ಸೋತ ನೇರಳೆ. ಈ ತೊರೆಯೊಂದೇ ಬೆಚ್ಚಗಿದೆ. ಹುಡುಗಿ ಅದರ ಪಕ್ಕದಲ್ಲೇ ನಡೆಯುತ್ತಾಳೆ, ದಾರಿ ತಪ್ಪುವುದಿಲ್ಲ. ತಾನ್ಯಾ ಮೊದಲಿನಿಂದಲೂ ಸರಿಯಾಗಿಯೇ ಯೋಚಿಸಿದ್ದಳು. ಸುತ್ತಲಿನದು ಅದಕ್ಕೆ ಜಾಗ ಬಿಡಲಿಲ್ಲ, ಅಷ್ಟೇ.

ಫೆಬ್ರವರಿ 12, ಸೋಮವಾರ

ಬಂದಳು. ಬೆಳಿಗ್ಗೆ ಒಂಬತ್ತಕ್ಕೆ, ಹಳೆಯ ಸ್ವೆಟರ್ ಹಾಕಿಕೊಂಡು. ಬ್ರಷ್ ತೆಗೆದುಕೊಂಡು ತೊರೆಯ ಆಚೆ ದಡದಲ್ಲಿ ಕೂತಳು. ನಾನು ಈಚೆ ದಡದಲ್ಲಿದ್ದೆ. ಇಬ್ಬರೂ ಒಂದೇ ಬಟ್ಟಲಿನಿಂದ ಬಣ್ಣ ತೆಗೆಯುತ್ತಿದ್ದೆವು.

ಸುಮಾರು ಹೊತ್ತಾದ ಮೇಲೆ, ತಲೆಯೆತ್ತದೆ ಕೇಳಿದಳು. "ಅವ್ವ ಏನೇನು ಮಾತಾಡ್ತಿದ್ದಳು? ಆಸ್ಪತ್ರೆಯಲ್ಲಿ, ಆ ಕೊನೆಯ ಹತ್ತು ದಿನ. ಪೂರಾ ಹೇಳಿ."

ಹೇಳಿದೆ. ಎಷ್ಟು ನೆನಪಿತ್ತೋ ಅಷ್ಟೂ. ಪಕ್ಕದ ಹಾಸಿಗೆಯ ಮರಾಠಿ ಅಜ್ಜಿಯ ಜೊತೆ ಹಿಂದಿಯಲ್ಲಿ ಜಗಳವಾಡಿದ್ದು. ಆಸ್ಪತ್ರೆಯ ಅನ್ನಕ್ಕೆ ಹೆಸರಿಟ್ಟಿದ್ದು. ತಾನ್ಯಾ ಬಂದರೆ ಹಿಂದಿನ ಕೋಣೆಯಲ್ಲಿ ಮಲಗಿಸಬೇಡಿ, ಅಲ್ಲಿ ಸೊಳ್ಳೆ ಎಂದದ್ದು. ನರ್ಸ್ ಕೇಳಿದಾಗ, ನನ್ನ ಮಗಳು ಅರಮನೆ ಕಟ್ಟುತ್ತಾಳೆ, ಹದಿನೈದು ದಿನದಲ್ಲಿ ಕಟ್ಟಿ ಹದಿನಾರನೇ ದಿನ ಕೆಡವುತ್ತಾಳೆ, ಎಂದು ಹೇಳಿ ತಾನೇ ನಕ್ಕಿದ್ದು. ಹೈದರಾಬಾದಿನ ಸೆಟ್ಟಿನ ಫೋಟೋ ತರಿಸಿ, ನೋಡಬೇಕು ಎಂದದ್ದು.

"ಅದನ್ನೂ ಕೇಳಿದ್ಲಾ?"

"ಕೇಳಿದಳು. ನಾನು ತರಿಸಲಿಲ್ಲ."

ತಾನ್ಯಾ ಅತ್ತಳು. ಬಣ್ಣದ ಕೈಯಲ್ಲೇ ಮುಖ ಒರೆಸಿಕೊಂಡಳು, ಕೆನ್ನೆಯ ತುಂಬ ಜೇನು. ಸೊಳ್ಳೆಯ ಮಾತಿಗೆ ಮತ್ತೆ ಬಂದು ನಕ್ಕಳು. "ನಾನಿನ್ನೂ ಮಾಫ್ ಮಾಡಿಲ್ಲ, ಅಪ್ಪಾ" ಎಂದಳು.

"ಗೊತ್ತು" ಎಂದೆ.

"ಇಲ್ಲಿ ಸ್ವಲ್ಪ ಕೆಂಪು ಬೇಕು" ಎಂದಳು. ಕೊಟ್ಟೆ.

ಫೆಬ್ರವರಿ 16, ಶುಕ್ರವಾರ

ಟೆಸ್ಟ್ ತೆಗೆದರು. ರೀಲು ಲ್ಯಾಬಿಗೆ ಹೋಯಿತು. ಹುಡುಗಿಯ ಪಾತ್ರ ಮಾಡುವ ಪ್ರಣೀತಾ ಮೊದಲ ಸಲ ಸೆಟ್ಟಿಗೆ ಬಂದಳು. ಒಂಬತ್ತು ವರ್ಷ, ಮಹಾ ವಾಚಾಳಿ. ಬಾಗಿಲಲ್ಲಿ ನಿಂತು ಬಾಯಿ ಮುಚ್ಚಿದಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ನಡೆದಳು. ಚಪ್ಪಲಿ ಬಿಡು ಎಂದು ಯಾರೂ ಹೇಳಿರಲಿಲ್ಲ.

ಫೆಬ್ರವರಿ 20, ಮಂಗಳವಾರ

ಅದೇ ಥಿಯೇಟರು, ಅದೇ ಕುರ್ಚಿಗಳು. ಪರದೆಯ ಮೇಲೆ ಮೊದಲು ಏನೂ ಇರಲಿಲ್ಲ, ಬೆಳಗಾಗುವ ಮೊದಲಿನ ಬೂದಿ ಮಾತ್ರ. ಅದರೊಳಗಿಂದ ಮರಗಳು ಒಂದೊಂದಾಗಿ ನೆನಪಾದ ಹಾಗೆ ಬಂದವು. ಗುಲಾಬಿ ಎಲೆಗಳು ಎಲ್ಲೂ ಅಂಟಿಕೊಂಡಿರಲಿಲ್ಲ. ಕೆಳಗೆ ಜೇನಿನ ತೊರೆ ಹರಿಯಿತು, ಹುಡುಗಿಯ ಕಾಲಿಗೆ ಅದರ ಬೆಳಕು ಬಿತ್ತು, ನೀಲಿ ನೆರಳುಗಳು ಅವಳ ಕಡೆ ಕೈ ಚಾಚಿದವು. ನಾನೇ ಬರೆದ ನೆರಳು. ನನಗೇ ಮೈ ಜುಮ್ಮೆಂದಿತು.

ನಿರ್ಮಾಪಕರು ಈ ಸಲ ಏಳಲಿಲ್ಲ. "ಇನ್ನೊಂದು ಸಲ ಹಾಕಿ" ಎಂದರು. ಎರಡನೆಯ ಸಲ ನೋಡಿ, "ಮುಂಬೈಗೆ ಫೋನ್ ಮಾಡಿ ಬೇಡ ಅಂತ ಹೇಳಿಬಿಡಿ" ಎಂದು ಸಾಕೇತ್‌ಗೆ ಹೇಳಿದರು. ಅಷ್ಟೇ.

ಸಾಕೇತ್ ನನ್ನ ಕೈ ಹಿಡಿದು ಕುಲುಕಿದ. ನಾನು ತಾನ್ಯಾ ಕಡೆ ತೋರಿಸಿದೆ. ಕಾಡು ಅವಳದು.

ಮಾರ್ಚ್ 4, ಭಾನುವಾರ

ಹೋಳಿ. ಶೂಟಿಂಗಿಗೆ ರಜೆ. ಕೆಳಗೆ ಮಕ್ಕಳು ಬೆಳಿಗ್ಗೆಯಿಂದ ಕಿರುಚುತ್ತಿವೆ. ಇಷ್ಟು ವರ್ಷ ಈ ದಿನ ಬಾಗಿಲು ಹಾಕಿಕೊಂಡು ಕೂತವನು ನಾನು. ಮಾಚಮ್ಮ ಒಬ್ಬಳೇ ಹೋಗಿ ಕ್ವಾರ್ಟರ್ಸಿನ ಹೆಂಗಸರ ಜೊತೆ ಆಡಿ ಗುರುತು ಸಿಗದ ಹಾಗೆ ಬರುತ್ತಿದ್ದಳು.

ಹತ್ತು ಗಂಟೆಗೆ ಇಳಿದುಹೋದೆ. ಎರಡನೇ ಮಹಡಿಯ ಅವಳಿ ಮಕ್ಕಳು ತಲೆಯ ಮೇಲೆ ಬಕೆಟ್ಟು ಸುರಿದರು. ತಾನ್ಯಾ ಬಾಲ್ಕನಿಯಿಂದ ನೋಡಿ "ಅಪ್ಪಾ, ಆ ಹಸಿರು ನಿಮಗೆ ಸೂಟ್ ಆಗಲ್ಲ!" ಎಂದು ಕೂಗಿದಳು. ಆಮೇಲೆ ಅವಳೂ ಇಳಿದು ಬಂದಳು.

ಹಸಿರು ಕಿವಿಯ ಹಿಂದೆ ಇನ್ನೂ ಇದೆ. ಇರಲಿ.

ಮಾರ್ಚ್ 23, ಶುಕ್ರವಾರ

ಶೂಟಿಂಗ್ ಮುಗಿದು ಐದು ದಿನವಾಯಿತು. ತಾನ್ಯಾ ಬೆಳಿಗ್ಗೆ ಹೊಸ ಕೆಲಸದ ಮಾತುಕತೆಗೆ ದೆಹಲಿಗೆ ಹೋದಳು. ನಾನು ತರಕಾರಿ ತೆಗೆದುಕೊಂಡು ಬಂದವನು ಲಿಫ್ಟಿನ ಹತ್ತಿರ ನಿಂತೆ. ಎದೆಯನ್ನು ಯಾರೋ ಮುಷ್ಟಿಯಲ್ಲಿ ಹಿಡಿದ ಹಾಗಾಯಿತು. ಎಡಗೈ ಭಾರ. ಅಲ್ಲೇ ಮೆಟ್ಟಿಲ ಮೇಲೆ ಕೂತು ಅವಳಿಗೆ ಫೋನ್ ಮಾಡಿದೆ.

"ತಾನ್ಯಾ, ನನಗೆ ಎದೆ ನೋವು ಬಂದಿದೆ."

"ಯಾವಾಗಿಂದ?"

"ಈಗ ಐದು ನಿಮಿಷದಿಂದ. ಹೋದ ವಾರವೂ ಎರಡು ಸಲ ಬಂದಿತ್ತು, ಇಷ್ಟು ಇರಲಿಲ್ಲ. ಬೆವರು ಬರ್ತಾ ಇದೆ."

"ಅಲ್ಲೇ ಕೂತಿರಿ. ಎದ್ದೇಳಬೇಡಿ. ಫೋನ್ ಇಡಬೇಡಿ."

ಅವಳು ಇನ್ನೊಂದು ಫೋನಿನಿಂದ ಗೇಟಿನ ಗಾರ್ಡ್‌ಗೆ ಹೇಳಿದಳು, ಎದುರು ಮನೆಯವರು ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆತಂದರು. ದಾರಿಯುದ್ದಕ್ಕೂ ಅವಳು ಫೋನಿನಲ್ಲಿ ಇದ್ದಳು. ನೋವು ಎಲ್ಲಿ, ಎಷ್ಟು, ಕೇಳಿದ್ದಕ್ಕೆಲ್ಲ ಹೇಳಿದೆ. ಮುಕ್ಕಾಲು ಗಂಟೆಯಲ್ಲಿ ಅವಳೂ ಬಂದಳು, ಕೂದಲು ಕೆದರಿ, ಒಂದು ಕಿವಿಗೆ ಮಾತ್ರ ಓಲೆ.

ಡಾಕ್ಟರು ಚಿಕ್ಕ ವಯಸ್ಸಿನವರು. ಎರಡು ರಕ್ತನಾಳ ಕಟ್ಟಿವೆ, ಬೇಗ ಬಂದದ್ದು ಒಳ್ಳೆಯದಾಯಿತು, ಸೋಮವಾರ ಸ್ಟೆಂಟ್ ಹಾಕೋಣ ಎಂದರು. ನನಗೆ ಹೇಳುವ ಮೊದಲು ಅವರು ತಾನ್ಯಾಳನ್ನು ಹೊರಗೆ ಕರೆಯಲು ನೋಡಿದರು. "ಇಲ್ಲೇ ಹೇಳಿ, ಇಬ್ಬರಿಗೂ" ಎಂದೆ.

ಈಗ ಸಂಜೆ ಐದೂವರೆ. ನೋವಿಲ್ಲ. ತಾನ್ಯಾ ಕ್ಯಾಂಟೀನಿನಿಂದ ಎರಡು ಚಹಾ ತಂದಳು. ನನ್ನದರಲ್ಲಿ ಸಕ್ಕರೆ ಇಲ್ಲ. ಲೋಟ ಕೈಗೆ ಕೊಟ್ಟು, "ಹೆದರಿಕೆ ಆಗ್ತಿದೆಯಾ?" ಎಂದು ಕೇಳಿದಳು.

"ಆಗ್ತಿದೆ" ಎಂದೆ.

ಅವಳು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತಳು.